ಮರಳುವ ದಾರಿಗೂ ಒಂದು ಹಗಲು



ಏಪ್ರಿಲ್ 10ಕ್ಕೆ ಶಾಲೆಯ ಫಲಿತಾಂಶ ಬಂತೆಂದರೆ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಮನೆಯಲ್ಲೂ ಒಂದೇ ಮಾತು: ‘ಸೂಟಿಗೆ ಎಲ್ಲಿ ಹೋಗೂಣು?’ ದೊಡ್ಡವರು ದೇವರ ಹೆಸರು ತೆಗೆಯುತ್ತಾರೆ, ಮಕ್ಕಳು ನೀರಾಟದ ಪಾರ್ಕಿನ ಹೆಸರು ತೆಗೆಯುತ್ತಾರೆ. ಕೊನೆಗೆ ಗೆಲ್ಲುವುದು ಮಕ್ಕಳೇ. ಅಣ್ಣತಮ್ಮಂದಿರ ಎರಡು ಮೂರು ಸಂಸಾರ ಕೂಡಿ ಒಂದು ಕ್ರೂಸರ್ ಗೊತ್ತು ಮಾಡುತ್ತವೆ, ಜನ ಹೆಚ್ಚಾದರೆ ಟೆಂಪೊ ಟ್ರಾವೆಲರ್. ಯಾವ ಹೊತ್ತಿಗೆ ಬಿಡಬೇಕು, ಬುತ್ತಿಗೆ ಎಷ್ಟು ರೊಟ್ಟಿ, ಎಷ್ಟು ಶೇಂಗಾ ಚಟ್ನಿ, ಒದ್ದೆ ಬಟ್ಟೆಗೆ ಯಾವ ಚೀಲ, ದಾರಿಯಲ್ಲಿ ವಾಂತಿ ಮಾಡುವ ಮಗುವನ್ನು ಯಾವ ಸೀಟಿನಲ್ಲಿ ಕೂಡಿಸಬೇಕು ಎಂಬುದೆಲ್ಲ ಮೊದಲೇ ನಿಗದಿ. ಹೋಗುವುದರ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಮಾಡುವ ನಾವು ಬರುವುದರ ಬಗ್ಗೆ ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ‘ಆಟ ಮುಗಿಸಿ ರಾತ್ರಿನ ಬಿಟ್ರ ಬೆಳಗಾಗೂದ್ರಾಗ ಮನಿ.’

ಆ ರಾತ್ರಿಯ ದಾರಿಯ ಕುರಿತೇ ನಾನು ಇವತ್ತು ನಿಮ್ಮೊಡನೆ ಮಾತಾಡಬೇಕಾಗಿದೆ.

ಮನರಂಜನೆಯ ಪಾರ್ಕು ಎಂಬುದು ಈಗ ನಮ್ಮ ಬದುಕಿನ ಭಾಗ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಇಡೀ ಸಂಸಾರ ಕೂಡಿ ದಿನವಿಡೀ ಆಡುವ ಜಾಗ ಎಂಬ ಕಲ್ಪನೆ ಲೋಕದ ಕಣ್ಣಿಗೆ ಬಿತ್ತು. ನಮ್ಮಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಅಂದಿನಿಂದ ಉತ್ತರ ಕರ್ನಾಟಕದ ಎಷ್ಟೋ ಮಕ್ಕಳಿಗೆ ಬೆಂಗಳೂರು ಎಂದರೆ ವಿಧಾನಸೌಧಕ್ಕಿಂತ ಮೊದಲು ಅಲ್ಲಿನ ಅಲೆಕೊಳ, ಜಾರುಬಂಡೆ, ತಲೆಕೆಳಗಾಗಿ ತಿರುಗಿಸುವ ತೊಟ್ಟಿಲು. ಮಕ್ಕಳು ಬಯಸಿದ್ದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಮೆಣಸಿನಕಾಯಿ, ಗೋವಿನಜೋಳ, ಹತ್ತಿಯ ದರದಲ್ಲೇ ಮುಳುಗಿರುವ ಅಪ್ಪ ಒಂದು ದಿನ ಪ್ಯಾಂಟು ಮಡಚಿ ಮಗಳ ಜೊತೆ ನೀರಿಗಿಳಿಯುತ್ತಾನೆ ಎಂದರೆ ಆ ದಿನ ಮನೆಯ ಪಾಲಿಗೆ ಹಬ್ಬವೇ. ಆ ಹಬ್ಬ ಸುಖವಾಗಿ ಮುಗಿಯಬೇಕು ಎಂಬುದಷ್ಟೇ ನನ್ನ ಕಾಳಜಿ.

ಸಂಜೆ ಪಾರ್ಕು ಮುಚ್ಚುತ್ತದೆ. ಮಕ್ಕಳನ್ನು ನೀರಿನಿಂದ ಎಳೆದು, ಒರೆಸಿ, ಬಟ್ಟೆ ತೊಡಿಸಿ, ಎಲ್ಲರನ್ನೂ ಎಣಿಸಿ ಗಾಡಿ ಹತ್ತಿಸುವ ಹೊತ್ತಿಗೆ ಏಳು ಗಂಟೆ. ಬಿಡದಿಯಿಂದ ನೈಸ್ ರಸ್ತೆ ಹಿಡಿದು ನೆಲಮಂಗಲ ಮುಟ್ಟಲು ಒಂದು ತಾಸಿಗೂ ಮಿಕ್ಕಿ ಬೇಕು. ತುಮಕೂರಿನ ಆಚೀಚೆ ಊಟಕ್ಕೆ ನಿಂತರೆ ಇನ್ನೊಂದು ತಾಸು. ಶಿರಾ, ಹಿರಿಯೂರು ದಾಟಿ ಚಿತ್ರದುರ್ಗ ಬರುವಾಗ ಹನ್ನೆರಡು ಹೊಡೆದಿರುತ್ತದೆ. ಒಂದು ಚಹಾ ಕುಡಿದು ಹೊರಟರೆ ದಾವಣಗೆರೆಗೆ ಒಂದೂವರೆ. ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟಿ ನಮ್ಮ ಜಿಲ್ಲೆಯೊಳಗೆ ಕಾಲಿಡುವಾಗ ಎರಡು ಗಂಟೆ. ರಾಣೆಬೆನ್ನೂರಿನವರಿಗೆ ಅಲ್ಲಿಗೆ ಮುಗಿಯಿತು. ಬ್ಯಾಡಗಿಯವರು ಮೋಟೆಬೆನ್ನೂರಿನಲ್ಲಿ ತಿರುಗಬೇಕು. ಹಾವೇರಿಯವರು ಇನ್ನೂ ಮುಂದೆ ಹೋಗಬೇಕು. ಬಿಡದಿಯಿಂದ ಹಾವೇರಿಗೆ ಸುಮಾರು 350 ಕಿಲೋಮೀಟರ್. ಗಡಿಯಾರ ಎರಡೂವರೆ, ಮೂರು ತೋರಿಸುತ್ತಿರುತ್ತದೆ.

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಿ. ತುಮಕೂರಿನ ಸಂಸಾರ ಅದೇ ಪಾರ್ಕಿನಿಂದ ಅದೇ ಹೊತ್ತಿಗೆ ಹೊರಟರೆ ಹತ್ತು ಗಂಟೆಯೊಳಗೆ ಮಲಗಿರುತ್ತದೆ. ಚಿತ್ರದುರ್ಗದವರು ನಡುರಾತ್ರಿಗೆ ಮನೆ ಸೇರುತ್ತಾರೆ. ಬೆಂಗಳೂರಿನಿಂದ 300 ಕಿಲೋಮೀಟರ್ ದೂರ ಇರುವ ನಮಗೆ ಮಾತ್ರ ಊರಿನ ಹತ್ತಿರದ ಕೊನೆಯ ಐವತ್ತು ಅರವತ್ತು ಕಿಲೋಮೀಟರ್ ಬಂದು ನಿಲ್ಲುವುದು ಇಡೀ ರಾತ್ರಿಯಲ್ಲೇ ಅತ್ಯಂತ ಕೆಟ್ಟ ಹೊತ್ತಿಗೆ. ಮನುಷ್ಯನ ಮೈಯೊಳಗೆ ಒಂದು ಗಡಿಯಾರವಿದೆ. ಅದು ನಸುಕಿನ ಎರಡರಿಂದ ಐದರವರೆಗೆ ದೇಹವನ್ನು ಆಳವಾದ ನಿದ್ದೆಗೆ ಎಳೆಯುತ್ತದೆ. ಮಧ್ಯಾಹ್ನ ಊಟದ ನಂತರ ಎರಡರಿಂದ ನಾಲ್ಕರ ನಡುವೆ ಅಂಥದೇ ಸಣ್ಣದೊಂದು ಎಳೆತವಿರುತ್ತದೆ. ನಸುಕಿನದು ಎಷ್ಟು ಬಲವಾದದ್ದೆಂದರೆ ಹಾಡು, ಹರಟೆ, ಕಿಟಕಿಯ ತಣ್ಣನೆ ಗಾಳಿ ಯಾವುದೂ ಅದರ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ಜೊತೆಗೆ ಮನಸ್ಸು ಒಳಗಿನಿಂದ ಸಡಿಲವಾಗಿರುತ್ತದೆ. ತುಂಗಭದ್ರೆ ದಾಟಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇನ್ನೇನು, ಬಂದೇಬಿಟ್ವಿ.’ ಪರಿಚಯದ ರಸ್ತೆ, ಪರಿಚಯದ ಬೋರ್ಡು. ಎಚ್ಚರ ಸಡಿಲಗೊಳ್ಳಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ದಣಿವನ್ನು ನಾವು ದುಡಿಮೆಯ ಗುಣವೆಂದು ಹೊಗಳುತ್ತ ಬಂದಿದ್ದೇವೆ. ವಿಜ್ಞಾನ ಅದನ್ನು ಬೇರೆ ತಕ್ಕಡಿಯಲ್ಲಿ ತೂಗಿದೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ತಾಸು ನಿದ್ದೆಯಿಲ್ಲದೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಕುಗ್ಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆ ಗಾಡಿ ಓಡಿಸುವವನಿಗೆ ಇಟ್ಟ ಮಿತಿ ಶೇಕಡಾ 0.03, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದು, ದಿನವೆಲ್ಲ ಬಿಸಿಲಲ್ಲಿ ನೀರಾಡಿ, ರಾತ್ರಿ ಹತ್ತರ ಮೇಲೆ ಸ್ಟೇರಿಂಗ್ ಹಿಡಿದ ಅಪ್ಪ ಒಂದು ತೊಟ್ಟೂ ಕುಡಿದಿಲ್ಲ. ಆದರೂ ಅವನ ಕೈ ಮತ್ತು ಕಣ್ಣು, ಕುಡಿದು ಸಿಕ್ಕಿಬಿದ್ದವನಿಗಿಂತ ಚುರುಕಾಗಿರುವುದಿಲ್ಲ. ಪೊಲೀಸರ ಊದುವ ಯಂತ್ರಕ್ಕೆ ನಿದ್ದೆ ಸಿಕ್ಕುವುದಿಲ್ಲ, ಅಷ್ಟೇ.

ನಿದ್ದೆ ಎಂದರೆ ಗೊರಕೆ ಹೊಡೆಯುವ ನಿದ್ದೆಯೇ ಆಗಬೇಕಿಲ್ಲ. ಕಣ್ಣು ತೆರೆದೇ ಇರುತ್ತದೆ, ಮಿದುಳು ಮೂರು ನಾಲ್ಕು ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದು ಓಡಿಸುವವನಿಗೇ ಗೊತ್ತಾಗುವುದಿಲ್ಲ. ತಾಸಿಗೆ 90 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡೆಂದರೆ 100 ಮೀಟರ್. ಅಷ್ಟು ದೂರ ಗಾಡಿಯನ್ನು ನಡೆಸುವವರು ಯಾರೂ ಇರುವುದಿಲ್ಲ.

2024ರ ಜೂನ್ 28, ಶುಕ್ರವಾರ. ನಸುಕಿನ ನಾಲ್ಕರ ಆಸುಪಾಸು. ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಒಂದು ಟೆಂಪೊ ಟ್ರಾವೆಲರ್ ಬಡಿಯಿತು. ಅದರಲ್ಲಿದ್ದವರು ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಮನೆಗೆ ಮರಳುತ್ತಿದ್ದವರು. 13 ಜನ ತೀರಿಹೋದರು. ಒಂದೇ ಊರಿನ ಬಂಧುಗಳು, ಅವರಲ್ಲಿ ಮಕ್ಕಳೂ ಇದ್ದರು. ಆ ಬೆಳಿಗ್ಗೆ ಈ ಭಾಗದ ಒಬ್ಬೊಬ್ಬರಿಗೂ ಅದು ತಮ್ಮ ಮನೆಯ ಸಾವೇ ಆಗಿತ್ತು. ಅವರು ಹೊರಟದ್ದು ದೇವಿಯ ಗುಡ್ಡಕ್ಕೆ, ನಮ್ಮ ಮಕ್ಕಳು ಹೊರಡುವುದು ಪಾರ್ಕಿಗೆ. ಮರಳುವ ದಾರಿಯೂ ಹೊತ್ತೂ ಇಬ್ಬರಿಗೂ ಒಂದೇ. ಅವರ ನೆನಪಿಗೆ ಗೌರವ ಸಲ್ಲಿಸಬೇಕೆಂದರೆ, ಆ ಹೊತ್ತಿಗೆ ಆ ರಸ್ತೆಯಲ್ಲಿ ಇನ್ನೊಂದು ಸಂಸಾರ ಇರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ನಿಂತ ಲಾರಿ ಯಾಕೆ ಅಷ್ಟು ಅಪಾಯ? ಗಾಡಿಯ ತಗ್ಗಿಸಿದ ದೀಪ ಮುಂದಿನ ಸುಮಾರು 50 ಮೀಟರ್ ತೋರಿಸುತ್ತದೆ. 90ರ ವೇಗದಲ್ಲಿರುವ ಗಾಡಿಗೆ, ಓಡಿಸುವವನು ಪೂರ್ತಿ ಎಚ್ಚರವಿದ್ದರೂ, ನಿಲ್ಲಲು ಸುಮಾರು 70 ಮೀಟರ್ ಬೇಕು. ಅವನು ದಣಿದಿದ್ದು ಒಂದು ಸೆಕೆಂಡು ತಡವಾಗಿ ಬ್ರೇಕು ಒತ್ತಿದರೆ 95 ಮೀಟರ್. ಕಂಡ ಮೇಲೆ ನಿಲ್ಲಿಸುವುದು ಲೆಕ್ಕದಲ್ಲೇ ಆಗದ ಮಾತು. ಹಿಂದೀಪ ಉರಿಯದ, ಮಿನುಗುವ ಪಟ್ಟಿ ಇಲ್ಲದ ಲಾರಿ ಕತ್ತಲಲ್ಲಿ ಕತ್ತಲಾಗಿಯೇ ನಿಂತಿರುತ್ತದೆ.

ನಮ್ಮ ಹೆದ್ದಾರಿಯಲ್ಲಿ ಲಾರಿ ಇಲ್ಲದ ರಾತ್ರಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೂ ಎಷ್ಟೋ ಮೊದಲಿನಿಂದ ಬಳ್ಳಾರಿ, ರಾಯಚೂರು, ಆಚೆಯ ಆಂಧ್ರದ ಹೊಲಗಳಿಂದ ಕೆಂಪು ಚೀಲಗಳು ಈ ಮಾರುಕಟ್ಟೆಗೆ ಬರುತ್ತಿವೆ. ವಾರದ ದೊಡ್ಡ ವ್ಯಾಪಾರ ಸೋಮವಾರ ಮತ್ತು ಗುರುವಾರ. ಹೀಗಾಗಿ ಸುಗ್ಗಿಯ ತಿಂಗಳುಗಳಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ, ಭಾನುವಾರದ ರಾತ್ರಿ ಬ್ಯಾಡಗಿಯತ್ತ ಲಾರಿಗಳ ಸಾಲು. ಶನಿವಾರ ಹೋಗಿ ಭಾನುವಾರ ರಾತ್ರಿ ಮರಳುವ ಸಂಸಾರಗಳ ಗಾಡಿಗಳೂ ಅದೇ ರಾತ್ರಿ ಅದೇ ರಸ್ತೆಯಲ್ಲಿ. ಆ ಲಾರಿಯ ಚಾಲಕನೂ ದಣಿದವನೇ, ಚೀಲದ ಮೇಲೆ ಕಂಬಳಿ ಹೊದ್ದು ಕೂತ ರೈತನೂ ಮನೆ ಬಿಟ್ಟು ಬಂದವನೇ. ಅವರು ಶತ್ರುಗಳಲ್ಲ. ಹೆದ್ದಾರಿಯ ಬದಿ ಲಾರಿಗಳು ನೆಮ್ಮದಿಯಾಗಿ ನಿಲ್ಲಲು ಬೇಕಾದಷ್ಟು ಜಾಗ ಇದ್ದರೆ, ನಿಂತ ಲಾರಿಯ ಹಿಂದೆ ಕೆಂಪು ತ್ರಿಕೋನವೊಂದನ್ನು ಇಡುವ ಅಭ್ಯಾಸ ಬೆಳೆದರೆ, ಎರಡು ಕಡೆಯ ಜೀವಗಳೂ ಉಳಿಯುತ್ತವೆ. ಅದನ್ನು ನಾವು ಕೇಳಬೇಕು, ಕೇಳುತ್ತಲೇ ಇರಬೇಕು.

ಈಗ ಬಾಡಿಗೆ ಗಾಡಿಯ ಚಾಲಕನ ಮಾತಿಗೆ ಬರೋಣ. ಈ ವಿಷಯದಲ್ಲಿ ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವುದು ಅವನ ಪಾಡು. ಹಿಂದಿನ ರಾತ್ರಿ ಒಂಬತ್ತಕ್ಕೆ ಹಾವೇರಿ ಬಿಟ್ಟು, ನಿದ್ದೆಗೆಟ್ಟು ಓಡಿಸಿ, ಬೆಳಿಗ್ಗೆ ನಮ್ಮನ್ನು ಪಾರ್ಕಿನ ಬಾಗಿಲಿಗೆ ಇಳಿಸುತ್ತಾನೆ. ನಾವು ಟಿಕೆಟು ತೆಗೆದು ಒಳಗೆ ಹೋಗುತ್ತೇವೆ. ಅವನು ಎಲ್ಲಿ ಹೋಗುತ್ತಾನೆ? ಬಯಲಲ್ಲಿ ನಿಂತ ಗಾಡಿಯ ತಗಡು ಕಾಯುತ್ತಿರುತ್ತದೆ. ಒಳಗೆ ಮಲಗಿದರೆ ಬೆವರು, ಹೊರಗೆ ಮಲಗಿದರೆ ಬಿಸಿಲು. ಹಗಲಿನ ನಿದ್ದೆ ಮೊದಲೇ ಹಗುರ, ಅದರಲ್ಲಿ ನಡುನಡುವೆ ‘ಗಾಡಿ ತೆಗಿ, ಮುಂದ ಹಾಕು’ ಎಂಬ ಕೂಗು. ಸಂಜೆ ನಾವು ನಗುನಗುತ್ತ ಬಂದು ‘ಹೊರಡೂಣು ನಡಿ ತಮ್ಮಾ’ ಎನ್ನುತ್ತೇವೆ. ರಾತ್ರಿ ಎರಡಕ್ಕೆ ಯಾರೋ ಒಬ್ಬರು ಅರೆಗಣ್ಣು ತೆರೆದು ಕೇಳುತ್ತಾರೆ: ‘ನಿದ್ದಿ ಬರಾಕತ್ತೇತೇನು?’ ಅವನು ಹೇಳುವುದು ಒಂದೇ: ‘ಇಲ್ರೀ, ನೀವು ಮಲ್ಕೋರಿ.’ ಬಾಡಿಗೆಯವನು ‘ಹೌದ್ರಿ, ನಿದ್ದಿ ಬಂದೈತಿ’ ಎನ್ನಲಾರ. ನಾಳೆ ಇನ್ನೊಬ್ಬರ ಬಾಡಿಗೆ ಕಾದಿರುತ್ತದೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸಿನ ದುಡಿಮೆ, ಐದು ತಾಸಿನೊಳಗೆ ಅರ್ಧ ತಾಸಿನ ವಿರಾಮ ಎಂದು ಹೇಳಿತ್ತು. ಐದಕ್ಕಿಂತ ಕಡಿಮೆ ಜನ ದುಡಿಯುವ ಕಡೆಗೆ ಆ ಕಾಯ್ದೆಯ ಕೈ ಸಾಮಾನ್ಯವಾಗಿ ಚಾಚುತ್ತಿರಲಿಲ್ಲ. ಒಂದೇ ಗಾಡಿಯ ಯಜಮಾನ ತಾನೇ ಚಾಲಕ ಆಗಿರುವಲ್ಲಿ ಅವನನ್ನು ಕಾಯುವವರು ಯಾರು? ಅವನ ಗಾಡಿಯಲ್ಲಿ ಕೂತ ನಾವೇ. ಎರಡು ಸಂಸಾರಕ್ಕೆ ಎರಡು ಕೋಣೆ ಹಿಡಿಯುವಾಗ ಚಾಲಕನಿಗೆ ಒಂದು ಹಾಸಿಗೆ, ಒಂದು ಫ್ಯಾನು, ಒಂದು ಬಕೆಟ್ ತಣ್ಣೀರು ಬೇಕೆಂದು ಮೊದಲೇ ಹೇಳಬೇಕು. ಆ ಖರ್ಚು ಒಂದು ಮಗುವಿನ ಪಾರ್ಕಿನ ಟಿಕೆಟ್ಟಿನ ಆಸುಪಾಸಿನದು. ಮನೆಯ ಗಾಡಿಯಾದರೆ ಆ ದಿನ ಓಡಿಸಬೇಕಾದವರು ನೀರಿನಿಂದ ಮಧ್ಯಾಹ್ನವೇ ಮೇಲೆ ಬಂದು ನೆರಳಲ್ಲಿ ಮಲಗಬೇಕು. ಮಕ್ಕಳು ಮುನಿಸಿಕೊಂಡರೂ ಚಿಂತೆಯಿಲ್ಲ.

ಮಕ್ಕಳನ್ನು ಕೂಡಿಸುವ ರೀತಿಯ ಬಗ್ಗೆಯೂ ಹೇಳಬೇಕು. ಮರಳುವಾಗ ಎಲ್ಲ ಕೂಸುಗಳೂ ಮಲಗಿರುತ್ತವೆ. ಒಂದು ತಾಯಿಯ ತೊಡೆಯ ಮೇಲೆ, ಒಂದು ಎರಡು ಸೀಟಿನ ನಡುವೆ ಚೀಲಗಳ ಮೇಲೆ, ಒಂದು ಮುಂದೆ ಅಪ್ಪನ ಪಕ್ಕ. ನೋಡಲು ಮುದ್ದಾಗಿ ಕಾಣುತ್ತದೆ. ಆದರೆ 50ರ ವೇಗದಲ್ಲಿ ಹೋಗುವ ಗಾಡಿ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ, ತೊಡೆಯ ಮೇಲಿನ ಹತ್ತು ಕಿಲೋ ಕೂಸು ಆ ಗಳಿಗೆಯಲ್ಲಿ ಸುಮಾರು ಎರಡು ಕ್ವಿಂಟಲ್ ಭಾರದ ಬಲದಿಂದ ಮುಂದಕ್ಕೆ ಹಾರುತ್ತದೆ. ಎರಡು ಕ್ವಿಂಟಲನ್ನು ತೋಳಲ್ಲಿ ಹಿಡಿದು ನಿಲ್ಲಿಸಬಲ್ಲ ತಾಯಿ ಲೋಕದಲ್ಲಿಲ್ಲ, ಅವಳ ಪ್ರೀತಿ ಎಷ್ಟೇ ದೊಡ್ಡದಿರಲಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಕಡ್ಡಾಯ ಮಾಡಿದೆ. ತಪ್ಪಿದರೆ 1000 ರೂಪಾಯಿ ದಂಡ. ದಂಡದ ಹೆದರಿಕೆಯನ್ನು ಬದಿಗಿಟ್ಟು ಆ ಎರಡು ಕ್ವಿಂಟಲಿನ ಲೆಕ್ಕವನ್ನು ನೆನಪಿಡಿ.

ಹಿಂದಿನ ಸೀಟಿನವರಿಗೆ ಬೆಲ್ಟು ಬೇಡ ಎನ್ನುವವರು ಇನ್ನೂ ಇದ್ದಾರೆ, ಅವರು ಇದನ್ನು ಕೇಳಲಿ. ನಮ್ಮೂರುಗಳ ಮುಂದೆ ಹಾಯುವ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 48 ಎಂದು ಹೆಸರು. ಅದು ದೆಹಲಿಯಿಂದ ಹೊರಟು ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ಹಾವೇರಿ, ಬೆಂಗಳೂರು ಹಾಯ್ದು ಚೆನ್ನೈ ಮುಟ್ಟುತ್ತದೆ. ಇದೇ ಹೆದ್ದಾರಿಯಲ್ಲಿ, ಮುಂಬೈಗೆ ಹತ್ತಿರದ ಪಾಲ್ಘರ್ ಜಿಲ್ಲೆಯಲ್ಲಿ, 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಬಹು ಬೆಲೆಬಾಳುವ ಕಾರು, ನಡುಮಧ್ಯಾಹ್ನದ ಬೆಳಕು, ಗುಜರಾತಿನಿಂದ ಮನೆಗೆ ಮರಳುವ ದಾರಿ. ಮಿಸ್ತ್ರಿ ಸೇರಿ ಹಿಂದೆ ಕೂತ ಇಬ್ಬರೂ ಬೆಲ್ಟು ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ಗಾಯಗೊಂಡು ಬದುಕಿದರು.

ನಮ್ಮ ಹಿರಿಯರಿಗೂ ದೂರದ ದಾರಿ ಹೊಸದಲ್ಲ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವಾರಿ ಬಂಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತಿದ್ದರು. ದೇವರಗುಡ್ಡದ ಮಾಲತೇಶನ ಜಾತ್ರೆ, ಶಿರಸಿಯ ಮಾರಿಕಾಂಬೆಯ ಜಾತ್ರೆಗಳಿಗೂ ಹಾಗೇ. ಅವರೂ ರಾತ್ರಿ ಪಯಣಿಸಿದ್ದಾರೆ. ಬೆಳದಿಂಗಳಿರುತ್ತಿತ್ತು, ಎತ್ತಿಗೆ ತಂಪಿರುತ್ತಿತ್ತು. ಬಂಡಿ ಹೊಡೆಯುವವನ ಕಣ್ಣು ಮುಚ್ಚಿದರೂ ಎತ್ತು ನಡೆದೇ ನಡೆಯುತ್ತಿತ್ತು, ಏಕೆಂದರೆ ಮನೆಯ ದಾರಿ ಎತ್ತಿಗೂ ಗೊತ್ತಿತ್ತು. ಎದುರಿಗೆ ಅಡ್ಡ ಬಂದದ್ದನ್ನು ಕಂಡು ನಿಲ್ಲುವ ಬುದ್ಧಿ ಎತ್ತಿನ ಬಳಿ ಇತ್ತು. ಇಂಜಿನ್ನಿಗೆ ಆ ಬುದ್ಧಿ ಇಲ್ಲ. ಬಂಡಿಯ ಕಾಲದ ಧೈರ್ಯವನ್ನು ನಾವು ಉಳಿಸಿಕೊಂಡೆವು, ಎತ್ತು ಮಾತ್ರ ಈಗ ನಮ್ಮೊಂದಿಗಿಲ್ಲ.

ಇನ್ನೂ ಒಂದು ಸಂಗತಿಯನ್ನು ಅವರು ಬಲ್ಲವರಾಗಿದ್ದರು. ಮರಳುವಾಗ ಬಾವಿಯಿದ್ದಲ್ಲಿ, ಮರದ ತೋಪು ಇದ್ದಲ್ಲಿ ಎತ್ತು ಬಿಚ್ಚಿ, ಒಲೆ ಹೂಡಿ, ಉಂಡು, ಮಲಗಿ ಎದ್ದು ಹೊರಡುತ್ತಿದ್ದರು. ಊರಿಗೆ ಬಂದ ಮೇಲೆ ಕಾಲಿಗೆ ನೀರು, ಆಮೇಲೆ ಮನೆಯಲ್ಲಿ ಪರಡಿ ತುಂಬಿ ಓಣಿಯವರನ್ನೆಲ್ಲ ಕರೆದು ಊಟ. ಅಲ್ಲಿಗೆ ಜಾತ್ರೆ ಮುಗಿಯಿತು. ಗುಡ್ಡದಲ್ಲಿ ದರ್ಶನ ಆದಾಗಲೇ ಜಾತ್ರೆ ಮುಗಿಯಿತೆಂದು ಯಾರೂ ಭಾವಿಸುತ್ತಿರಲಿಲ್ಲ. ನಾವು ಪಾರ್ಕಿನ ಬಾಗಿಲಲ್ಲೇ ಪ್ರವಾಸ ಮುಗಿಸಿಬಿಡುತ್ತೇವೆ. ಉಳಿದ 350 ಕಿಲೋಮೀಟರ್ ನಮಗೆ ಬರೀ ತೀರಿಸಬೇಕಾದ ದೂರ.

ಹೀಗೇಕಾಗುತ್ತದೆ? ನೆದರ್ಲೆಂಡ್ಸಿನ ನೀಲ್ಸ್ ವಾನ್ ಡೆ ವೆನ್ ಮತ್ತು ಜೊತೆಗಾರರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದೇ ದೂರ, ಅಷ್ಟೇ ಹೊತ್ತು ಹಿಡಿದರೂ ಮರಳುವ ದಾರಿ ಜನರಿಗೆ ಚಿಕ್ಕದೆನಿಸುತ್ತದೆ ಎಂದು ಅವರು ಕಂಡುಕೊಂಡರು. ಹೋಗುವಾಗ ಬೇಗ ಮುಟ್ಟುತ್ತೇವೆ ಎಂದುಕೊಂಡಿರುತ್ತೇವೆ, ದಾರಿ ಉದ್ದವೆನಿಸುತ್ತದೆ. ಮರಳುವಾಗ ಉದ್ದವೇ ಇದ್ದೀತು ಎಂದುಕೊಂಡದ್ದರಿಂದ ಚಿಕ್ಕದಾಗಿ ತೋರುತ್ತದೆ. ಮನಸ್ಸಿಗೆ ಇದು ಸಮಾಧಾನವೇ. ಆದರೆ ಚಿಕ್ಕದೆನಿಸಿದ ದಾರಿಗೆ ನಾವು ಸಮಯ ಎತ್ತಿಡುವುದಿಲ್ಲ, ನಿದ್ದೆ ಎತ್ತಿಡುವುದಿಲ್ಲ. ದಾರಿ ಮಾತ್ರ ಒಂದು ಗೇಣೂ ಕಡಿಮೆಯಾಗಿರುವುದಿಲ್ಲ.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿದೆ. ಡ್ಯಾನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ 1993ರಲ್ಲಿ ಅದನ್ನು ಪ್ರಕಟಿಸಿದರು. ಜನರು ಒಮ್ಮೆ 14 ಡಿಗ್ರಿಯ ಕೊರೆಯುವ ನೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡು, ಅದರ ಮೇಲೆ ಮತ್ತೆ 30 ಸೆಕೆಂಡು, ಆಗ ನೀರು ಮೆಲ್ಲಗೆ ಒಂದು ಡಿಗ್ರಿಯಷ್ಟು ಬಿಸಿಯಾಗುತ್ತಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಅದರಲ್ಲಿ ನೋವು ಹೆಚ್ಚು ಹೊತ್ತು ಇತ್ತು, ಆದರೂ ಕೊನೆ ಹಿತವಾಗಿತ್ತು. ನೆನಪು ಇಡೀ ದಿನದ ಮೊತ್ತವನ್ನು ಕೂಡಿಡುವುದಿಲ್ಲ. ತುತ್ತತುದಿಯ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಾವಿರಾರು ರೂಪಾಯಿ ಸುರಿದು ಮಕ್ಕಳಿಗೆ ತುದಿಯ ಗಳಿಗೆಯನ್ನು ನಾವು ಕೊಡಿಸುತ್ತೇವೆ. ಕೊನೆಯ ಗಳಿಗೆಯಾಗಿ ಅವರಿಗೆ ಸಿಗುವುದು ಒದ್ದೆ ಬಟ್ಟೆಯ ವಾಸನೆ, ಮಡಚಿದ ಕಾಲು, ಹಿರಿಯರ ಸಿಡುಕು. ಆ ಕೊನೆಯನ್ನು ಹಿತ ಮಾಡುವುದು ನಮ್ಮ ಕೈಯಲ್ಲಿದೆ, ಅದಕ್ಕೆ ಹೆಚ್ಚು ಹಣವೂ ಬೇಕಿಲ್ಲ.

ಪಾರ್ಕಿನಿಂದ ಹೊರಬಂದ ರಾತ್ರಿ ಬಿಡದಿಯಲ್ಲೋ ತುಮಕೂರಿನಲ್ಲೋ ಮಲಗಿಬಿಡಿ. ಬೆಳಿಗ್ಗೆ ಏಳಕ್ಕೆ ಎದ್ದರೂ ಚಿಂತೆಯಿಲ್ಲ. ಬಿಡದಿಗೂ ತುಮಕೂರಿನ ಕ್ಯಾತ್ಸಂದ್ರಕ್ಕೂ ತಟ್ಟೆ ಇಡ್ಲಿಯ ಹೆಸರಿದೆ, ಅಲ್ಲಿ ತಿಂಡಿ ಆಗಲಿ. ಹಿರಿಯೂರಿನ ಬಳಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ತುಂಬಿದ ಮೇಲೆ ಮತ್ತೆ ಅಂಚಿನವರೆಗೆ ತುಂಬಿದ್ದು 2022ರಲ್ಲಿ, 89 ವರ್ಷಗಳ ನಂತರ. ನೀರಾಟದ ಕೊಳದಿಂದ ಬಂದ ಮಗುವಿಗೆ ನೀರು ಎಂದರೆ ಎಷ್ಟು ಕಾಯಬೇಕಾದ ವಸ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಎಲ್ಲಿ ತೋರಿಸುತ್ತೀರಿ?

ಚಿತ್ರದುರ್ಗದಲ್ಲಿ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಹಗಲಲ್ಲಷ್ಟೇ ಕಾಣುತ್ತವೆ. ಪಾಠದಲ್ಲಿ ಓದಿದ ಓಬವ್ವನ ಕಿಂಡಿ ಅಲ್ಲೇ ಇದೆ. ಕೋಟೆ ಹತ್ತಿ ಇಳಿದ ಮಕ್ಕಳಿಗೆ ದಾವಣಗೆರೆಯ ಬೆಣ್ಣೆದೋಸೆ ಕೊಡಿಸಿ. ಊಟವಾದ ಮೇಲೆ ಎರಡರಿಂದ ನಾಲ್ಕರವರೆಗಿನ ಜೋಂಪಿಗೆ ಅಂಜಿ, ಹರಿಹರದಲ್ಲಿ ಗಾಡಿ ನಿಲ್ಲಿಸಿ. ತುಂಗಭದ್ರೆಯ ದಂಡೆಯ ಹರಿಹರೇಶ್ವರನ ಗುಡಿ ಹೊಯ್ಸಳರ ಕಾಲದ್ದು, ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಮಕ್ಕಳು ಗುಡಿ ನೋಡಲಿ, ಓಡಿಸುವವರು ಇಪ್ಪತ್ತು ನಿಮಿಷ ಮಲಗಲಿ. ಮಲಗುವ ಮುಂಚೆ ಒಂದು ಕಪ್ ಕಾಫಿ ಕುಡಿದರೆ ಏಳುವ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ, ಏಕೆಂದರೆ ಕಾಫಿಯ ಚುರುಕು ಮೈಗೆ ಹತ್ತಲು ಸುಮಾರು ಅರ್ಧ ತಾಸು ಬೇಕು.

ನದಿ ದಾಟಿದರೆ ನಮ್ಮ ನೆಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್ ಹರಡಿದೆ. ಸಂಜೆಯ ಇಳಿಬಿಸಿಲಲ್ಲಿ ಚಿಗರಿಯ ಹಿಂಡು ನೆಗೆಯುವುದನ್ನು ಕಂಡ ಮಗು, ಮನುಷ್ಯ ಕಟ್ಟಿದ ಯಂತ್ರದ ನೆಗೆತದ ಜೊತೆಗೆ ನೆಲದ ಜೀವದ ನೆಗೆತವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಕತ್ತಲಾಗುವ ಮುನ್ನ ಬ್ಯಾಡಗಿಯವರು ಬ್ಯಾಡಗಿಯಲ್ಲಿ, ಹಾವೇರಿಯವರು ಹಾವೇರಿಯಲ್ಲಿ. ಅಡುಗೆ ಮಾಡಿ ಉಣ್ಣಲು ಇನ್ನೂ ಹೊತ್ತಿರುತ್ತದೆ. ಎಲ್ಲವನ್ನೂ ಒಂದೇ ದಿನ ನೋಡಬೇಕೆಂದಿಲ್ಲ. ಒಂದು ಸಲಕ್ಕೆ ಒಂದೆರಡು ಸಾಕು, ಮುಂದಿನ ಸೂಟಿಗೂ ಉಳಿಯಲಿ.

‘ಒಂದು ರಾತ್ರಿಯ ಕೋಣೆಯ ಬಾಡಿಗೆ ಯಾರು ಕೊಡುತ್ತಾರೆ? ಸೋಮವಾರ ಅಂಗಡಿ ತೆರೆಯಬೇಕಲ್ಲ?’ ಎಂದು ಕೇಳುವವರಿದ್ದೀರಿ. ನಿಮ್ಮ ಕಷ್ಟ ನಿಜ. ಅಂಥವರಿಗೆ ರೈಲಿದೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಬೆಂಗಳೂರು–ಹುಬ್ಬಳ್ಳಿ ಹಳಿಯ ಮೇಲಿನ ಊರುಗಳು. ಮೈಸೂರು ಹಳಿಯ ಮೇಲೆ ಬಿಡದಿಗೂ ನಿಲ್ದಾಣವಿದೆ. ರಾತ್ರಿಯ ರೈಲಿನಲ್ಲಿ ಮಲಗಿ ಬಂದರೆ ಇಡೀ ಸಂಸಾರಕ್ಕೆ ನಿದ್ದೆ, ಎಚ್ಚರವಿರುವುದು ಅದಕ್ಕೆಂದೇ ನೇಮಕವಾದವರ ಕೆಲಸ. ಅದೂ ಆಗದಿದ್ದರೆ ದೂರವನ್ನೇ ಕಡಿಮೆ ಮಾಡಿ. ನಮ್ಮದೇ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ದೊಡ್ಡಾಟಕ್ಕಾಗಿಯೂ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು ಅದು. ಅವರು 2020ರಲ್ಲಿ ನಮ್ಮನ್ನು ಅಗಲಿದರು. ಹೊಲ ಉಳುವವರು, ರೊಟ್ಟಿ ಬಡಿಯುವವರು, ಕುಸ್ತಿ ಆಡುವವರು, ನಮ್ಮ ಹಳ್ಳಿಯ ಜೀವನವೆಲ್ಲ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಹಾವೇರಿಯಿಂದ ಒಂದು ತಾಸಿನ ದಾರಿ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬಹುದು.

ರಾತ್ರಿ ಓಡಿಸಲೇಬೇಕಾದ ಗಳಿಗೆ ಎಂದಾದರೂ ಬಂದೀತು. ಆಗ ಎರಡು ತಾಸಿಗೊಮ್ಮೆ ನಿಲ್ಲಿಸಿ. ಮುಂದಿನ ಸೀಟಿನವರು ಮಲಗಬೇಡಿ. ಎಲ್ಲರೂ ಬೆಲ್ಟು ಹಾಕಿ. ಗಾಡಿ ಕೆಟ್ಟರೆ ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, 1033ಕ್ಕೆ ಕರೆ ಮಾಡಿ, ಅದು ಹೆದ್ದಾರಿಯ ಸಹಾಯವಾಣಿ. ಗಾಯಾಳುವನ್ನು ಕಂಡರೆ 108ಕ್ಕೆ ಕರೆ ಮಾಡಿ. ನೆರವಾದವರನ್ನು ಕೇಸಿನ ತಾಪತ್ರಯದಿಂದ ಕಾಯುವ ನಿಯಮ 2019ರ ತಿದ್ದುಪಡಿಯಲ್ಲಿದೆ, ಅಂಜಬೇಕಿಲ್ಲ.

ಕೇಳುಗರೇ, ಈ ಸೂಟಿಯಲ್ಲಿ ಗಾಡಿಯವರಿಗೆ ಮುಂಗಡ ಕೊಡುವ ಮುನ್ನ ಮನೆಯವರೆಲ್ಲ ಕೂತು ಮರಳುವ ದಿನವನ್ನು ಮೊದಲು ನಿಗದಿ ಮಾಡಿ, ಹೋಗುವ ದಿನವನ್ನು ಆಮೇಲೆ. ಗಾಡಿಯವರಿಗೆ ಸ್ಪಷ್ಟವಾಗಿ ಹೇಳಿ: ‘ಕತ್ತಲಾದ ಮ್ಯಾಲೆ ನಾವು ದಾರಿ ನಡಿಯೂದಿಲ್ಲ, ನಿಮಗೂ ಮಲಗಾಕ ಜಾಗ ಮಾಡ್ತೀವಿ.’ ಒಂದು ಓಣಿಯ ಒಂದು ಸಂಸಾರ ಹೀಗೆ ಹೇಳಿದರೆ ಚಾಲಕನಿಗೆ ಅಚ್ಚರಿಯಾಗುತ್ತದೆ. ಹತ್ತು ಸಂಸಾರ ಹೇಳಿದರೆ ಅದು ಬಾಡಿಗೆಯ ಕರಾರಾಗುತ್ತದೆ. ಊರೇ ಹೇಳಿದರೆ ರೂಢಿಯಾಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದನ್ನು ಯಾವ ಕಾಯ್ದೆಯೂ ನಮಗೆ ಕಲಿಸಲಿಲ್ಲ, ಮನೆಗಳೇ ಕಲಿಸಿದವು. ಮರಳುವ ದಾರಿಗೆ ಹಗಲು ಕೊಡುವುದನ್ನೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳೇ ಶುರು ಮಾಡಬಲ್ಲವು. ಎಲ್ಲರೂ ಹೋಗಿ, ನಕ್ಕು, ಆಡಿ, ಎಲ್ಲರೂ ಮರಳಿ ಬನ್ನಿ.